400 ದಿನ ಕಾಯುವ ನೆರಳು

ಲಾಕ್‌ಡೌನ್‌ನಲ್ಲಿ ಒಬ್ಬರೇ ಇದ್ದಾಗ ಆಗುತ್ತಿದ್ದ ಆ ಅನುಭವ ಇರುವ ಸಣ್ಣ ಕಥೆಯ ಗೇಮ್ ಯಾವುದಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಅದರ ಹೆಸರು 'ದಿ ಲಾಂಗಿಂಗ್'. ಜರ್ಮನಿಯ ಒಂದು ಸಣ್ಣ ತಂಡ ಮಾಡಿದ್ದು. ಕೊರೊನಾ ಬಗ್ಗೆ ಅಂತ ಮಾಡಿದ್ದಲ್ಲ. ಅದು ಬಂದಿದ್ದು 2020ರ ಮಾರ್ಚ್ 5ಕ್ಕೆ, ನಮ್ಮಲ್ಲಿ ಎಲ್ಲಾ ಮುಚ್ಚೋಕೆ 20 ದಿನ ಮೊದಲು.

ಕಥೆ ಇಷ್ಟೇ. ನೆಲದಡಿಯ ಗುಹೆಯಲ್ಲಿ ಒಬ್ಬ ರಾಜ ನಿದ್ದೆಗೆ ಜಾರುತ್ತಾನೆ, 400 ದಿನ ಆದಮೇಲೆ ಎಬ್ಬಿಸು ಅಂತ ತನ್ನ ಆಳಿಗೆ ಹೇಳಿ. ಬೆಟ್ಟದಡಿ ಮಲಗಿರುವ ಬಾರ್ಬರೋಸಾ ರಾಜನ ಹಳೆಯ ಜರ್ಮನ್ ಕಥೆಯ ಎಳೆ ಅದು. ಆ ಆಳು ಒಂದು ಪುಟ್ಟ ಕಪ್ಪು ನೆರಳು, ಅದೇ ನಾವು. 400 ದಿನ ಅಂದರೆ ನಿಜವಾಗಿ 400 ದಿನ. ಗೇಮ್ ಮುಚ್ಚಿ ಕಂಪ್ಯೂಟರ್ ಆಫ್ ಮಾಡಿದರೂ ಗಡಿಯಾರ ಓಡುತ್ತಲೇ ಇರುತ್ತದೆ. ನೆರಳು ತುಂಬಾ ನಿಧಾನ ನಡೆಯುತ್ತದೆ. ಕೆಲವು ಕಡೆ ದಾರಿ ತೆರೆಯೋವರೆಗೆ ಸುಮ್ನೆ ನಿಂತು ಕಾಯಬೇಕು.

ನಾನು ಆಗ ಬೆಂಗಳೂರಿನಲ್ಲಿ ಒಂದು ಸಿಂಗಲ್ ರೂಮಿನಲ್ಲಿದ್ದೆ. ಅಕ್ಕಪಕ್ಕದವರೆಲ್ಲ ಊರಿಗೆ ಹೋಗಿದ್ದರು. ಮೊದಲು 21 ದಿನ ಅಂದರು, ಆಮೇಲೆ ಮೇ 3 ಅಂದರು, ಮೇ 17 ಅಂದರು, ಕೊನೆಗೆ ಮೇ 31. ಪ್ರತಿ ಸಲವೂ ಎಣಿಸಿಟ್ಟುಕೊಂಡ ದಿನಗಳು ಕೈಗೆ ಬಂದು ಜಾರಿ ಹೋಗುತ್ತಿದ್ದವು. ಈ ಗೇಮ್‌ನಲ್ಲಿ ಮಾತ್ರ ಪರದೆಯ ಮೇಲಿನ ಲೆಕ್ಕ ಯಾವತ್ತೂ ಹಿಂದಕ್ಕೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಒಂದು ದಿನ ಕಮ್ಮಿ, ಅಷ್ಟೇ. ಅದನ್ನ ನೋಡೋಕೇ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ನನಗೆ ಆಗ ಬೇಕಾಗಿದ್ದು ಜೊತೆಗಿಂತ ಜಾಸ್ತಿ ಆ ಖಾತ್ರಿ ಅನ್ಸುತ್ತೆ.

ಇನ್ನೊಂದು ಇದೆ. ನೆರಳಿಗೆ ಒಂದು ಪುಟ್ಟ ಮನೆ ಇದೆ. ಅಲ್ಲಿ ಬೆಂಕಿ ಹಾಕಿ, ಚಿತ್ರ ಬರೆದು ಗೋಡೆಗೆ ಹಚ್ಚಿ, ಪುಸ್ತಕ ತಂದಿಟ್ಟರೆ (ಹಳೆಯ ಕಾದಂಬರಿಗಳು ಪೂರ್ತಿ ಇವೆ, ಕೂತು ಓದಬಹುದು) ಮನೆಯೊಳಗೆ ಸಮಯ ಬೇಗ ಸರಿಯುತ್ತದೆ. ಇದು ನನಗೆ ಎಷ್ಟು ನಿಜ ಅನ್ನಿಸಿತು ಅಂದರೆ, ಒಂದು ವಾರ ಮಡಚದೆ ಬಿಟ್ಟಿದ್ದ ಹಾಸಿಗೆಯನ್ನ ಎದ್ದು ಮಡಚಿಟ್ಟೆ, ಕಿಟಕಿ ಒರೆಸಿದೆ, ಒಂದು ಪಾವು ಅಕ್ಕಿ ಹಾಕಿ ಸರಿಯಾಗಿ ಅನ್ನ ಸಾರು ಮಾಡಿಕೊಂಡೆ.

ಮೇ ಕೊನೆಯಲ್ಲಿ ಬಸ್ ಹಿಡಿದು ತಿಪಟೂರಿಗೆ ಹೋದೆ. ಒಂದು ಸಂಜೆ ಅಮ್ಮ ಪಕ್ಕದಲ್ಲಿ ಕೂತು ನೋಡಿದರು. "ಪಾಪ, ಇವನ ಜೊತೆ ಮಾತಾಡೋಕೆ ಯಾರೂ ಇಲ್ವಾ?" ಅಂದರು. ರಾಜ ಇದ್ದಾನೆ, ಮಲಗಿದ್ದಾನೆ ಅಂದೆ. "ಎಬ್ಬಿಸೋ ಮತ್ತೆ" ಅಂದರು.

ಕೊನೆ ಏನಾಗುತ್ತೆ ಅಂತ ಹೇಳಲ್ಲ, ಒಂದಕ್ಕಿಂತ ಜಾಸ್ತಿ ಕೊನೆಗಳಿವೆ, ಕಾಯಲೇಬೇಕು ಅಂತಲೂ ಇಲ್ಲ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ, ನಿಂಟೆಂಡೊ ಕಂಪನಿಯ ಸ್ವಿಚ್ ಅನ್ನೋ ಗೇಮ್ ಯಂತ್ರಕ್ಕೂ ಇದೆ. ಈಗ ನಿಮ್ಮ ಮನಸ್ಸು ತುಂಬಾ ಕುಗ್ಗಿದ್ದರೆ ಇದನ್ನ ಒಬ್ಬರೇ ಶುರು ಮಾಡಬೇಡಿ, ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಶುರು ಮಾಡಿದರೆ ಮೊದಲು ಮನೆಗೆ ಬೆಂಕಿ ಹೊಂದಿಸಿ, ಗುಹೆ ಸುತ್ತೋದು ಆಮೇಲೆ.