ಸೀತಾಫಲದ ಬೀಜ ಹಚ್ಚಿದ್ರೆ ಹಸುವಿನ ಉಣುಗು ನಿಜವಾಗ್ಲೂ ಸಾಯುತ್ತಾ? ಲ್ಯಾಬಲ್ಲಿ ಹೇಗೆ ಟೆಸ್ಟ್ ಮಾಡ್ತಾರೆ?

ಅಜ್ಜಿ ಬೀಜ ಅರೆದು ಹಚ್ತಾರೆ, ಮೂರು ದಿನಕ್ಕೆ ಉಣುಗು ಉದುರುತ್ತೆ, ಆದ್ರೂ ಡಾಕ್ಟ್ರು ನಂಬಲ್ಲ ಅಂದಿದ್ದೀರಲ್ಲ. ಅಜ್ಜಿ ಸುಳ್ಳು ಹೇಳ್ತಿಲ್ಲ, ಡಾಕ್ಟ್ರ ಅನುಮಾನಾನೂ ತಪ್ಪಲ್ಲ. ದನದ ಮೇಲೆ ಜಾಸ್ತಿ ಕಾಣೋ ರಿಪಿಸೆಫಾಲಸ್ ಮೈಕ್ರೋಪ್ಲಸ್ ಅನ್ನೋ ಉಣುಗು ಸುಮಾರು 3 ವಾರ ಅದೇ ಹಸು ಮೇಲಿದ್ದು, ರಕ್ತ ಕುಡಿದು ಹುಣಸೆ ಬೀಜದಷ್ಟು ದಪ್ಪ ಆದ್ಮೇಲೆ ಮೊಟ್ಟೆ ಇಡೋಕೆ ತಾನೇ ಉದುರುತ್ತೆ, ಏನೂ ಹಚ್ಚದಿದ್ರೂ!

ನಾನು ವೆಟರ್ನರಿ ಓದುವಾಗ ಇದೇ ಕೆಲಸ ಮಾಡಿದ್ದೆ. ಹೊಟ್ಟೆ ತುಂಬಿದ ಹೆಣ್ಣು ಉಣುಗುಗಳನ್ನ ಆರಿಸಿ, ತೂಕ ಮಾಡಿ, ಗಿಡದ ಸಾರದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು, ಸುಮಾರು 28 ಡಿಗ್ರಿಯಲ್ಲಿ ತೇವ ಇರೋ ಪೆಟ್ಟಿಗೇಲಿ ಎರಡು ವಾರ ಇಡ್ತೀವಿ. ಮೊದಲನೇ ಸಲ ಎಲ್ಲಾ ಸತ್ತೋದ್ವು, ಖುಷಿಯಲ್ಲಿ ಕುಣಿದಾಡ್ಬಿಟ್ಟೆ, ಆಮೇಲೆ ನೋಡಿದ್ರೆ ಗಿಡದ ಸಾರ ಇಲ್ದೆ, ಸಾರ ಕರಗಿಸೋಕೆ ಬಳಸಿದ್ದ ಮೆಥನಾಲ್ ಅನ್ನೋ ದ್ರಾವಕದಲ್ಲಿ ಮಾತ್ರ ಅದ್ದಿಟ್ಟಿದ್ದವೂ ಸತ್ತಿದ್ವು, ಅಂದ್ರೆ ಕೊಂದಿದ್ದು ಗಿಡ ಅಲ್ಲ ಮೆಥನಾಲು.

ಸತ್ತಿದ್ದನ್ನ ಮಾತ್ರ ಎಣಿಸಿದ್ರೂ ಸಾಲಲ್ಲ. ಒಂದು ಹೆಣ್ಣು ಎರಡು ಮೂರು ಸಾವಿರ ಮೊಟ್ಟೆ ಇಡುತ್ತೆ, ಕೆಂಪು ಮೂತ್ರದ ಕಾಯಿಲೆ ತರೋ ಬೆಬೀಸಿಯಾ ಅನ್ನೋ ರೋಗಾಣು ಆ ಮೊಟ್ಟೆ ಮೂಲಕಾನೇ ಮರಿ ಉಣುಗಿಗೆ ದಾಟುತ್ತೆ. ಅದಕ್ಕೇ ಮೊಟ್ಟೆ ತೂಕ ಮಾಡ್ತೀವಿ, ಎಷ್ಟು ಮರಿ ಆಯ್ತು ನೋಡ್ತೀವಿ. ಉಣುಗು ಬದುಕಿದ್ದು ಮೊಟ್ಟೆ ಅರ್ಧಕ್ಕಿಳಿದ್ರೂ ಆ ಗಿಡ ಪಾಸ್ ಅಂತಾನೇ ನನ್ನ ಲೆಕ್ಕ.

ಸೀತಾಫಲದ ಬೀಜ, ಬೇವು, ಬಜೆ ಮೂರೂ ಲ್ಯಾಬಲ್ಲಿ ಕೆಲಸ ಮಾಡಿ ತೋರಿಸಿವೆ. ಆದ್ರೆ ಕೊಟ್ಟಿಗೇಲಿ ಬಿಸಿಲಿಗೆ ಬೇವಿನ ಸಾರ ಬೇಗ ಕೆಡುತ್ತೆ, ಮಳೆ ತೊಳೆಯುತ್ತೆ, ಹಸು ಬೇರೆ ನೆಕ್ಕುತ್ತೆ.

ನೀವೇ ನೋಡ್ಬೇಕಂದ್ರೆ ನಾಲ್ಕು ಹಸುಗೆ ಹಚ್ಚಿ, ನಾಲ್ಕಕ್ಕೆ ಬರೀ ನೀರು ಹಚ್ಚಿ, ದಿನಾ ಬೆಳಿಗ್ಗೆ ಒಂದೇ ಮಗ್ಗುಲಲ್ಲಿರೋ ದಪ್ಪ ಉಣುಗು ಎಣಿಸಿ ಬರ್ಕೊಳ್ಳಿ, ಗಂಗೆದೊಗಲು, ಕೆಚ್ಚಲಲ್ಲಿ ಎಣಿಸೋದನ್ನೂ ಬಿಡ್ಬೇಡಿ. ಬೀಜದ ಪುಡಿ ಕಣ್ಣಿಗೆ ಬಿದ್ರೆ ತುಂಬಾ ಅಪಾಯ, ಹಸುಗೂ ನಿಮಗೂ. ಜ್ವರ ಬಂದು ಮೂತ್ರ ಕಾಫಿ ಬಣ್ಣ ಆಯ್ತೋ, ಎಣಿಸ್ತಾ ಕೂರ್ಬೇಡಿ, ಅವತ್ತೇ ಡಾಕ್ಟ್ರನ್ನ ಕರೆಸಿ.