ಹೊಸ ಡೈ ಬಂತು, ಕೂಲಿ ರೇಟ್ ಮಾತ್ರ ಹಳೆಯದೇ

ಪ್ರಶ್ನೆ: ನಮ್ಮದು ಸಣ್ಣ ಕಾರ್ಖಾನೆ. ಶೀಟ್‌ನಿಂದ ಬಿಡಿಭಾಗ ಕತ್ತರಿಸಿ ಕೊಡುತ್ತೇವೆ. ಸ್ಕ್ರ್ಯಾಪ್ ಕಡಿಮೆ ಆಗಲಿ ಎಂದು ಹೊಸ ಡೈ (ಶೀಟ್ ಕತ್ತರಿಸುವ ಅಚ್ಚು) ಮಾಡಿಸಿದೆ. ನಾನೇ ನಿಂತು ಟ್ರಯಲ್ ನೋಡಿದ್ದೇನೆ, ಉಳಿತಾಯ ಇದ್ದೇ ಇದೆ. ಆದರೂ ಕೆಲಸಗಾರರು ಸ್ವಲ್ಪ ದಿನ ಬಳಸಿ, ‘ಇದು ಸರಿಬರಲ್ಲ ಸಾರ್’ ಅಂತ ಹಳೆಯ ಡೈ ಹಾಕಿಕೊಂಡಿದ್ದಾರೆ. ಹೊಸದನ್ನು ಕಲಿಯುವ ಮನಸ್ಸೇ ಇಲ್ಲದವರ ಜೊತೆ ಹೇಗೆ ಏಗುವುದು?

ಉತ್ತರ: ಮನಸ್ಸಿನ ವಿಷಯ ಆಮೇಲೆ ನೋಡೋಣ. ಅವರಿಗೆ ಕೂಲಿ ಹೇಗೆ ಕೊಡುತ್ತೀರಿ, ತಿಂಗಳಿಗಾ ಪೀಸಿಗಾ? ನೀವು ಅದನ್ನು ಬರೆದಿಲ್ಲ. ಪೀಸ್ ರೇಟ್ ಆಗಿದ್ದರೆ ಅರ್ಧ ಉತ್ತರ ಅಲ್ಲೇ ಇದೆ.

ಹೆಚ್ಚುಕಡಿಮೆ ಇದೇ ಕಥೆ ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ನಡೆದಿದೆ. ಫುಟ್‌ಬಾಲ್ ತಯಾರಿಕೆಗೆ ಜಗತ್ತಿನಲ್ಲೇ ಹೆಸರಾದ ಊರು ಅದು. ಮಾಮೂಲಿ ಫುಟ್‌ಬಾಲ್‌ನಲ್ಲಿ ಆರು ಮೂಲೆಯ 20 ತುಂಡು, ಐದು ಮೂಲೆಯ 12 ತುಂಡು ಇರುತ್ತವೆ. ಆರು ಮೂಲೆಯವನ್ನು ಶೀಟ್ ಮೇಲೆ ಒತ್ತೊತ್ತಾಗಿ ಜೋಡಿಸಬಹುದು, ನಡುವೆ ಸಂದು ಉಳಿಯುವುದಿಲ್ಲ. ಐದು ಮೂಲೆಯವು ಹಾಗೆ ಕೂರುವುದೇ ಇಲ್ಲ, ಹೇಗೆ ಇಟ್ಟರೂ ಒಂದಷ್ಟು ಶೀಟ್ ಪೋಲು. ಎರಿಕ್ ವರ್ಹೂಗನ್ ಮತ್ತು ಜೊತೆಗಾರ ಅರ್ಥಶಾಸ್ತ್ರಜ್ಞರು ಈ ಪೋಲನ್ನು ತಗ್ಗಿಸುವ ಹೊಸ ಡೈ ಮಾಡಿಸಿ, 2012ರಲ್ಲಿ ಅಲ್ಲಿನ ಕೆಲವು ಕಾರ್ಖಾನೆಗಳಿಗೆ ಪುಕ್ಕಟೆ ಕೊಟ್ಟರು. ಒಟ್ಟು ಖರ್ಚಿನಲ್ಲಿ ಸುಮಾರು ಶೇ. 1ರಷ್ಟು ಉಳಿತಾಯ. ಲಾಭವೇ ಶೇ. 8ರ ಆಸುಪಾಸು ಇರುವ ಧಂದೆಯಲ್ಲಿ ಇದು ಸಣ್ಣ ಮಾತಲ್ಲ.

15 ತಿಂಗಳಾದರೂ ಬೆರಳೆಣಿಕೆಯ ಕಾರ್ಖಾನೆಗಳಷ್ಟೇ ಅದನ್ನು ಬಳಸುತ್ತಿದ್ದವು.

ಯಾಕೆ ಅಂದರೆ, ಕತ್ತರಿಸುವವನಿಗೆ ದುಡ್ಡು ಬರುವುದು ಪೀಸ್ ಲೆಕ್ಕದಲ್ಲಿ. ಹೊಸ ಡೈ ಕೈಗೆ ಒಗ್ಗುವ ತನಕ ಕೆಲಸ ನಿಧಾನ, ಅಷ್ಟು ದಿನ ಅವನ ಕೂಲಿ ಕಡಿಮೆ. ಶೀಟ್ ಉಳಿದರೆ ಆ ದುಡ್ಡು ಮಾಲೀಕರ ಜೇಬಿಗೆ. ಹೀಗಿದ್ದಾಗ ‘ಸರಿಬರಲ್ಲ’ ಅನ್ನದೆ ಇನ್ನೇನು ಹೇಳುತ್ತಾನೆ? ಡೈ ಬಗ್ಗೆ ಮಾಲೀಕರಿಗಿಂತ ಜಾಸ್ತಿ ಗೊತ್ತಿರುವವನು ಅವನೇ, ಹಾಗಾಗಿ ಅವರೂ ನಂಬಿಬಿಡುತ್ತಾರೆ. ಮುಂದೆ ಸಂಶೋಧಕರು ಕೆಲವು ಕಾರ್ಖಾನೆಗಳಲ್ಲಿ ಒಬ್ಬ ಕತ್ತರಿಸುವವನಿಗೆ, ಒಬ್ಬ ಪ್ರಿಂಟಿಂಗ್ ಕೆಲಸದವನಿಗೆ ಒಂದು ಷರತ್ತು ಹಾಕಿದರು: ಹೊಸ ವಿಧಾನ ಕಲಿತು ಮಾಲೀಕರ ಎದುರು ಮಾಡಿ ತೋರಿಸಿದರೆ ಸುಮಾರು ಒಂದು ತಿಂಗಳ ಸಂಪಾದನೆಯಷ್ಟು ಹಣ. ಅಲ್ಲಿಂದ ಬಳಕೆ ಗಣನೀಯವಾಗಿ ಏರಿತು. ಡೈ ಮೊದಲಿನದೇ, ಕೆಲಸಗಾರರೂ ಅವರೇ.

ನೀವೂ ಕಲಿಕೆಯ ಅವಧಿಗೆ ಪೀಸ್ ರೇಟ್ ಬಿಡಿ. ಕಳೆದ ಮೂರು ತಿಂಗಳ ಸರಾಸರಿ ಕೂಲಿಯನ್ನು ಕಡಿಮೆಯಾಗದಂತೆ ಕೊಡಿ. ಆಮೇಲೆ ದಿನದ ಸ್ಕ್ರ್ಯಾಪನ್ನು ಅವರ ಎದುರಲ್ಲೇ ತೂಕ ಹಾಕಿ, ಉಳಿತಾಯವಾದದ್ದರಲ್ಲಿ ಒಂದು ಪಾಲು ಅವರಿಗೆ ಎಂದು ಮೊದಲೇ ಹೇಳಿಬಿಡಿ. ಸೂಪರ್‌ವೈಸರನ್ನೂ ಮರೆಯಬೇಡಿ. ದಿನಕ್ಕೆ ಎಷ್ಟು ಪೀಸ್ ಎಂದಷ್ಟೇ ಅವರನ್ನು ಕೇಳುತ್ತಿದ್ದರೆ, ಹೊಸ ಡೈ ತೆಗೆದಿಡಿಸುವವರಲ್ಲಿ ಅವರೇ ಮೊದಲಿಗರು.

ಇನ್ನೊಂದು, ಬೇಜಾರು ಮಾಡಿಕೊಳ್ಳಬೇಡಿ. ಟ್ರಯಲ್‌ನಲ್ಲಿ ನೀವು ನೋಡಿದ್ದು ಶೀಟನ್ನು. ಈ ಸಲ ಕೆಲಸಗಾರನ ಕೈ ನೋಡಿ. ಡೈ ಭಾರ ಜಾಸ್ತಿಯಾಗಿ ಪ್ರತಿ ಸಲ ಎತ್ತಿಡಲು ಕಷ್ಟವಾಗುತ್ತಿರಬಹುದು, ಹಿಡಿಯಲು ಜಾಗ ಇಲ್ಲದೆ ಇರಬಹುದು. ಆಗ ‘ಸರಿಬರಲ್ಲ’ ಅನ್ನುವುದು ನಿಜವಾದ ದೂರು. ಡೈ ತಿದ್ದಿಸಿ.

ಪ್ರಶ್ನೆ: ಸಂಶೋಧನಾ ವಿಭಾಗ ಇಲ್ಲ, ಹೊಸ ಯಂತ್ರಕ್ಕೆ ಸಾಲ ಹುಟ್ಟುವುದಿಲ್ಲ. ನಮ್ಮಂಥವರಿಗೆ ನಾವೀನ್ಯ ಅನ್ನೋದು ಸುಮ್ನೆ ಭಾಷಣದ ಮಾತು ಅಲ್ವಾ?

ಉತ್ತರ: ಭಾಷಣದಲ್ಲಿ ಬರುವಂಥದ್ದು ನಿಮಗೆ ಬೇಕಾಗಿಯೂ ಇಲ್ಲ. ಮುಂಬೈ ಸುತ್ತಲಿನ ಜವಳಿ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ತಂಡ ಒಂದು ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿತು. ಹೇಳಿಕೊಟ್ಟದ್ದು ಇಷ್ಟೇ: ಬಟ್ಟೆಯ ದೋಷಗಳನ್ನು ದಿನದಿನ ಬರೆದಿಡುವುದು, ಮಗ್ಗ ಕೆಡುವ ಮೊದಲೇ ರಿಪೇರಿ ನೋಡುವುದು, ರಾಶಿ ಬಿದ್ದ ನೂಲನ್ನು ವಿಂಗಡಿಸಿ ಲೆಕ್ಕ ಇಡುವುದು. ಮೊದಲ ವರ್ಷವೇ ಉತ್ಪಾದಕತೆ ಶೇ. 17ರಷ್ಟು ಏರಿತು. ಅವು ನಿಮಗಿಂತ ದೊಡ್ಡ ಕಾರ್ಖಾನೆಗಳು, ಸಲಹೆಗಾರರೂ ಪುಕ್ಕಟೆ ಸಿಕ್ಕಿದ್ದರು. ಹಾಗಾಗಿ ಅದೇ ಅಂಕಿ ನಿಮ್ಮಲ್ಲೂ ಬರುತ್ತದೆ ಎಂದುಕೊಳ್ಳಬೇಡಿ. ಆದರೆ ರಿಜೆಕ್ಷನ್ ಬರೆದಿಡಲು ಸಾಲ ಬೇಕಿಲ್ಲ.

ಸಾಲ ಬೇಡದ ಇನ್ನೊಂದು ಕೆಲಸ ಸೆಟ್ಟಿಂಗ್ ಸಮಯ, ಅಂದರೆ ಒಂದು ಡೈ ತೆಗೆದು ಇನ್ನೊಂದನ್ನು ಕೂರಿಸಲು ಹಿಡಿಯುವ ಸಮಯ ಇಳಿಸುವುದು. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಇದಕ್ಕೆ ಒಂದು ದಾರಿ ಹಾಕಿಕೊಟ್ಟರು. ಡೈ ಬದಲಿಸುವಾಗ ಪ್ರೆಸ್ ನಿಲ್ಲಿಸಿಯೇ ಮಾಡಬೇಕಾದ ಕೆಲಸ ಯಾವುದು, ಪ್ರೆಸ್ ಓಡುತ್ತಿರುವಾಗಲೇ ಮುಗಿಸಬಹುದಾದದ್ದು ಯಾವುದು ಎಂದು ಬೇರೆ ಮಾಡಿ. ಸ್ಪ್ಯಾನರ್ ಹುಡುಕುವುದು, ಮುಂದಿನ ಡೈಯನ್ನು ಸ್ಟೋರ್‌ನಿಂದ ತರುವುದು, ಬೋಲ್ಟ್ ಎಣಿಸಿಡುವುದು, ಇವೆಲ್ಲ ಎರಡನೆಯ ಗುಂಪಿಗೆ ಸೇರುತ್ತವೆ. ಬೇಕಿರುವುದು ಒಂದು ವಾಚು, ಒಂದು ನೋಟ್‌ಬುಕ್ಕು. ಹತ್ತು ನಿಮಿಷದ ಒಳಗೆ ತರುವುದು ಶಿಂಗೊ ಇಟ್ಟ ಗುರಿ. ಒಂದು ಗಂಟೆ ಅರ್ಧ ಗಂಟೆಗೆ ಇಳಿದರೂ ಸಣ್ಣ ಆರ್ಡರ್‌ಗಳನ್ನು ಒಪ್ಪಿಕೊಳ್ಳಲು ನಿಮಗೆ ಧೈರ್ಯ ಬರುತ್ತದೆ.