ಮುಟ್ಟಿದರೆ ತಾಯಿನಾಯಿ ಮರಿ ಬಿಟ್ಟುಬಿಡುತ್ತಾ?

ಪ್ರಶ್ನೆ: ಮೇಡಂ, ನಮ್ಮ ಲ್ಯಾಬ್ರಡಾರ್ ಮೊದಲ ಸಲ ಮರಿ ಹಾಕಿದೆ. ಆರು ಮರಿ, ಇವತ್ತಿಗೆ ಐದು ದಿನ. ಎತ್ತಿಕೊಳ್ಳಲು ಹೋದರೆ ಅತ್ತೆ ಬೈಯುತ್ತಾರೆ. ಕೈವಾಸನೆ ಹತ್ತಿದರೆ ತಾಯಿ ಹಾಲು ಕೊಡಲ್ಲವಂತೆ. ದಿನಾ ಮುಟ್ಟಿ, ಆಮೇಲೆ ಹೆದರಲ್ಲ ಅನ್ನುವವರೂ ಇದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಅದು ನಿಮ್ಮ ಕೈಯಲ್ಲೇ ಉಂಡು ಬೆಳೆದ ನಾಯಿ ಅಲ್ವಾ? ನಿಮ್ಮ ವಾಸನೆ ಅದಕ್ಕೆ ಹೊಸದಲ್ಲ. ಧೈರ್ಯವಾಗಿ ಮುಟ್ಟಿ. ಆದರೆ ನೋಡಲು ಬಂದವರೆಲ್ಲ ಎತ್ತಿ ಮುದ್ದಾಡುವುದು ಈಗ ಬೇಡ. ತಾಯಿ ಗುರ್ ಅಂದರೆ ಸುಮ್ನೆ ಹಿಂದೆ ಸರಿಯಿರಿ, ಬೈಯಬೇಡಿ.

ನಾನಂತೂ ದಿನಾ ಬೆಳಿಗ್ಗೆ ಕೈ ತೊಳೆದು, ಬೆಚ್ಚಗೆ ಮಾಡಿಕೊಂಡು, ತಕ್ಕಡಿ ಇಟ್ಟುಕೊಂಡು ಕೂರುತ್ತೇನೆ. ತೂಕ ನೋಡುವ ನೆಪದಲ್ಲೇ ಪಾದ, ಕಿವಿ, ಹೊಟ್ಟೆ ಸವರಿಬಿಡುತ್ತೇನೆ. ಒಂದು ಮರಿಗೆ ಒಂದು ನಿಮಿಷ, ಅಷ್ಟೇ. ಮೊದಲ ಎರಡು ವಾರ ಮೈಯ ಬಿಸಿ ಕಾಪಾಡಿಕೊಳ್ಳಲು ಅವಕ್ಕೆ ಬರುವುದಿಲ್ಲ, ಬೇಗ ತಾಯಿ ಹತ್ತಿರ ಬಿಡಬೇಕು. ತೂಕ ದಿನಾ ಏರಬೇಕು, 7ರಿಂದ 10 ದಿನದಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗಬೇಕು. ಯಾವುದಾದರೂ ಮರಿ ಇಳಿದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಮರಿ ಮುಂದೆ ಹೆದರದೆ ಗಟ್ಟಿಯಾಗಲಿ ಅಂತ ಕೆಲವರು 3ನೇ ದಿನದಿಂದ 16ನೇ ದಿನದವರೆಗೆ ತಲೆಕೆಳಗೆ ಹಿಡಿಯುವುದು, ಒದ್ದೆ ಬಟ್ಟೆಯ ಮೇಲೆ ಇಡುವುದು ಅಂತ ಐದು ಕಸರತ್ತು ಹೇಳುತ್ತಾರೆ. ಒಂದೊಂದೂ 3ರಿಂದ 5 ಸೆಕೆಂಡು. ನಾನೂ ಮಾಡಿ ನೋಡಿದೆ. ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ನಿಜವಾದ ಕೆಲಸ ಆಮೇಲಿದೆ. ಎರಡನೇ ವಾರ ಕಣ್ಣು ಬಿಡುತ್ತವೆ, ಸ್ವಲ್ಪ ದಿನಕ್ಕೆ ಕಿವಿಯೂ ಕೇಳಿಸುತ್ತದೆ. 3ನೇ ವಾರದಿಂದ ಸುಮಾರು 12ನೇ ವಾರದವರೆಗೆ ಕಂಡದ್ದು, ಕೇಳಿದ್ದು ಮರಿಗೆ ಮಾಮೂಲಾಗುತ್ತದೆ. ನನ್ನ ಮೊದಲ ಸಲದ ಮರಿಗಳನ್ನು, ಗಲಾಟೆ ಬೇಡ ಅಂತ, ಹಿಂದಿನ ಕೋಣೆಯಲ್ಲೇ ಬೆಳೆಸಿದ್ದೆ. ಊಟ ಇಟ್ಟು ಬರುತ್ತಿದ್ದೆ, ಅಷ್ಟೇ. ಅದರಲ್ಲಿ ಒಂದು ಹೆಣ್ಣುಮರಿ ಕೊನೆಯವರೆಗೂ ಕೊಡೆ ಬಿಚ್ಚಿದರೆ ಮಂಚದಡಿ ತೂರುತ್ತಿತ್ತು. ಗಂಡಸರ ದನಿ ಕೇಳಿದರೆ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಆ ತಪ್ಪು ನನ್ನದು.

ಈಗ ಮೂರು ವಾರ ತುಂಬಿದ ಕೂಡಲೇ ಮರಿಗಳ ಜಾಗ ನಡುಮನೆಗೆ ಬರುತ್ತದೆ. ಬೆಲ್ಲು, ಪೊರಕೆ, ಮಕ್ಕಳು, ಕನ್ನಡಕದವರು, ಟೋಪಿಯವರು, ಎಲ್ಲ ಪರಿಚಯವಾಗಲಿ. ಬೆಚ್ಚಿದ ಮರಿಯನ್ನು ಹಿಡಿದು ಎಳೆಯಬೇಡಿ, ಅದಾಗಿ ಬಂದು ಮೂಸಲಿ. ಲಸಿಕೆ ಮುಗಿಯುವ ತನಕ ಹೊರಗೆ ಎತ್ತಿಕೊಂಡೇ ತೋರಿಸಿ, ಬೀದಿಯಲ್ಲಿ ಇಳಿಸಬೇಡಿ. ಯಾರು ಎಷ್ಟೇ ಅವಸರ ಮಾಡಿದರೂ 8 ವಾರಕ್ಕೆ ಮುಂಚೆ ಕೊಡಬೇಡಿ. ಕಚ್ಚಿದರೆ ಎಷ್ಟು ನೋಯುತ್ತದೆ ಅನ್ನುವುದನ್ನು ಒಡಹುಟ್ಟಿದವೇ ಕಲಿಸಬೇಕು.

ಅತ್ತೆಯವರನ್ನು ನಾಳೆ ತಕ್ಕಡಿ ಪಕ್ಕ ಕೂರಿಸಿಕೊಂಡು, ತೂಕ ಬರೆಯುವ ಕೆಲಸ ಅವರಿಗೇ ಕೊಡಿ.